ಹೆಂಗಸರ ಕೈ ತಾಗಿದರೆ ಸ್ಟೇಷನ್ ಹೋಗುತ್ತದೆ

ರೇಡಿಯೋ ನೆನಪು ಬರೆಯುವವರೆಲ್ಲ ಒಂದೇ ಸುಳ್ಳಿನಿಂದ ಶುರು ಮಾಡುತ್ತಾರೆ. ಊರಿಗೆ ಮೊದಲ ರೇಡಿಯೋ ಬಂದಾಗ ಅವರ ಅಜ್ಜಿ ಪೆಟ್ಟಿಗೆಯ ಹಿಂದೆ ಹೋಗಿ, ಒಳಗೆ ಯಾರು ಕೂತು ಮಾತಾಡುತ್ತಿದ್ದಾರೆ ಎಂದು ಬಗ್ಗಿ ನೋಡಿದಳಂತೆ. ಎಲ್ಲರ ಅಜ್ಜಿಯೂ ಬಗ್ಗಿ ನೋಡಿದವಳೇ. ನಾನು ಇದೇ ಸೀಮೆಯಲ್ಲಿ ಹುಟ್ಟಿ ಬೆಳೆದವಳು, ಅಂಥ ಪೆದ್ದ ಅಜ್ಜಿಯನ್ನು ಒಬ್ಬಳನ್ನೂ ಕಾಣಲಿಲ್ಲ. ನಮ್ಮ ಅಜ್ಜಿ ರೇಡಿಯೋ ಮುಂದೆ ಸ್ವಲ್ಪ ಹೊತ್ತು ಕೂತು, "ಇದನ್ನ ಬಂದ್ ಮಾಡೂದು ಹೆಂಗ?" ಎಂದು ಕೇಳಿದ್ದಳು. ಕೇಳಬೇಕಾದ ಮೊದಲ ಪ್ರಶ್ನೆ ಅದೇ ಎಂದು ನನಗೆ ಈಗಲೂ ಅನಿಸುತ್ತದೆ.

ನಿವೃತ್ತರ ವಾಟ್ಸಾಪ್ ಗುಂಪಿನಲ್ಲಿ ವರ್ಷಕ್ಕೊಮ್ಮೆ ಹಳೆಯ ರೇಡಿಯೋದ ಚಿತ್ರ ಬರುತ್ತದೆ, ಕೆಳಗೆ ಕೈಮುಗಿದ ಗುರುತು. ಕಳಿಸುವವರು ನನ್ನ ಜೊತೆ ಕುಷ್ಟಗಿಯಲ್ಲಿ, ಆಮೇಲೆ ಕೊಪ್ಪಳದಲ್ಲಿ ಫಿಸಿಕ್ಸ್ ಕಲಿಸಿದವರು. ಜೀವಮಾನದಲ್ಲಿ ಒಂದು ರೇಡಿಯೋದ ಬೆನ್ನು ಬಿಚ್ಚಿದವರಲ್ಲ. ನಮ್ಮ ಪ್ರಯೋಗಾಲಯದಲ್ಲಿ ರೇಡಿಯೋ ಜೋಡಿಸಿ ಕಲಿಯುವ ಪೆಟ್ಟಿಗೆಯೊಂದಿತ್ತು. ಹುಡುಗರು ಕೆಡಿಸಿಬಿಡುತ್ತಾರೆಂದು ಅದಕ್ಕೆ ಗಾಜಿನ ಕಪಾಟಿನಲ್ಲಿ ಬೀಗ. ತಪಾಸಣೆಗೆ ಬರುವವರಿಗೆ ತೋರಿಸಲು ಒಮ್ಮೆ ಬೀಗ ತೆಗೆದಾಗ ಒಳಗೆ ಇಲಿ ಮರಿ ಹಾಕಿತ್ತು. ಹುಡುಗರು ಮಾತ್ರ ಅಲೆಯ ಮೇಲೆ ಅಲೆ ಬರೆದು, ಬಾಣದ ಗುರುತು ಹಾಕಿ, ಪೂರಾ ಅಂಕ ತೆಗೆದುಕೊಂಡು ಪಾಸಾಗುತ್ತಿದ್ದರು. ಪಕ್ಕದ ಮನೆಯ ಮಿಕ್ಸರ್ ತಿರುಗಿದರೆ ನಿನ್ನ ರೇಡಿಯೋ ಯಾಕೆ ಗರಗರ ಅನ್ನುತ್ತದೆ ಎಂದು ಕೇಳಿದರೆ ತೊಲೆ ಎಣಿಸುತ್ತಿದ್ದರು.

ಯಾವ ದೇಶದ ಜಾಣರೋ ಕೂತು ತಲೆ ಕೆಡಿಸಿಕೊಂಡ ವಿದ್ಯೆ ಅದು. ಮೊದಲು ಕಿಡಿ ಹಾರಿಸಿ ಬರೀ ಟಕ್ ಟಕ್ ಸದ್ದನ್ನು ಸಮುದ್ರ ದಾಟಿಸಿದರು. ಆಮೇಲೆ ಬಲ್ಬಿನಂಥ ವಾಲ್ವು ಬಂತು, ಅಲೆಯ ಮೇಲೆ ಮನುಷ್ಯನ ದನಿಯನ್ನು ಹೊರಿಸಿದರು. ವಾಲ್ವಿನ ರೇಡಿಯೋ ಅಂದರೆ ಟ್ರಂಕಿನಷ್ಟು ದೊಡ್ಡದು, ಕಾಯಲು ಹೊತ್ತು ಬೇಕು, ಬೇವಿನ ಮರದಿಂದ ಮಾಳಿಗೆಗೆ ತಂತಿ ಕಟ್ಟಬೇಕು. ನಮ್ಮ ಓಣಿಯ ಅಡತಿ ವ್ಯಾಪಾರಿಯ ಮನೆಯಲ್ಲಿ ಅಂಥದೊಂದಿತ್ತು. ಕರೆಂಟಿಲ್ಲದ ಕಾರಣ ದೊಡ್ಡ ಬ್ಯಾಟರಿಯಿಂದ ನಡೆಯುತ್ತಿತ್ತು. ಆ ತಂತಿಯ ಮೇಲೆ ಕೂತ ಗಿಳಿಗಳಿಗೆ ಆದದ್ದಕ್ಕಿಂತ ಹೆಚ್ಚಿನ ಉಪಯೋಗ ಅದರಿಂದ ಯಾರಿಗೂ ಆಗಲಿಲ್ಲ. ಕೊನೆಗೆ ತೊಗರಿ ಕಾಳಿನಷ್ಟು ಟ್ರಾನ್ಸಿಸ್ಟರ್ ಬಂತು. ರೇಡಿಯೋ ಮೇಜಿನಿಂದಿಳಿದು ಹೆಗಲಿಗೆ ಬಂತು, ಸೆಲ್ ಹಾಕಿದರೆ ಹೊಲದಲ್ಲೂ ಮಾತಾಡಿತು. ಇಷ್ಟೆಲ್ಲ ಆಗಿ ಈ ಚಮತ್ಕಾರ ನಮ್ಮ ಕಡೆ ಬಂದು ಏನಾಯಿತು? ವರದಕ್ಷಿಣೆಯಾಯಿತು.

ಆಗ ಗಂಡಿನ ಕಡೆಯವರು ಕೇಳುತ್ತಿದ್ದದ್ದೇ ಹಾಗೆ: ವಾಚು, ಸೈಕಲ್ಲು, ರೇಡಿಯೋ. ಮೂರೂ ಸಿಕ್ಕ ಮದುಮಗ ಅಂಗಿಯ ತೋಳು ಮೇಲೆ ಮಡಚಿ, ರೇಡಿಯೋ ಹೆಗಲಿಗೆ ಹಾಕಿ, ಕೆಲಸವಿಲ್ಲದಿದ್ದರೂ ಸೈಕಲ್ ಮೇಲೆ ಊರು ಸುತ್ತುತ್ತಿದ್ದ. ನಮ್ಮಪ್ಪ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಗುಮಾಸ್ತ. ಅಕ್ಕನಿಗೆ ತಳಕಲ್ಲಿನ ಜಮೀನಿದ್ದ ಮನೆತನದ ಸಂಬಂಧ ಕೂಡಿಬಂದಾಗ, ಅವರು ಕೇಳಿದ ಬ್ಯಾಂಡಿನ ರೇಡಿಯೋವನ್ನೇ ಹುಡುಕಿ ತಂದ. ಮದುವೆಗೆ ಇನ್ನೂ ದಿನವಿತ್ತು. ಅಷ್ಟು ದಿನ ಅದು ನಮ್ಮ ಮನೆಯಲ್ಲೇ ಉಳಿಯಿತು.

ಆ ದಿನಗಳಲ್ಲಿ ಅಕ್ಕನ ಕೈ ಅದರ ಮೇಲಿಂದ ಏಳಲಿಲ್ಲ. ಮುಳ್ಳನ್ನು ಕೂದಲೆಳೆಯಷ್ಟು ಸರಿಸಿ, ಗರಗರದ ನಡುವಿನಿಂದ ದೂರದ ಸ್ಟೇಷನ್‌ಗಳನ್ನು ಹೆಕ್ಕಿ ತೆಗೆಯುತ್ತಿದ್ದಳು. ಯಾವ ಹೊತ್ತಿಗೆ ಶಾರ್ಟ್ ವೇವ್ ಛಲೋ ಬರುತ್ತದೆ, ಏರಿಯಲ್ ಎತ್ತ ವಾಲಿಸಬೇಕು, ಎಲ್ಲ ತಾನೇ ಕಂಡುಕೊಂಡಳು. ಸಾಲೆ ಬಿಟ್ಟು ಎಷ್ಟೋ ಕಾಲವಾಗಿತ್ತು ಅವಳಿಗೆ. ಅದಕ್ಕೊಂದು ಹೊದಿಕೆಯನ್ನೂ ಹೊಲಿದು, ಗಿಳಿಗಳ ಕಸೂತಿ ಹಾಕಿದಳು. ಕೇಳಿ ಕೇಳಿ ತಾನೂ ಗುನುಗುತ್ತಿದ್ದಳು. ಅಕ್ಕನ ದನಿ ಹುಟ್ಟಾ ಒಳ್ಳೆಯ ದನಿ. ಕುಟ್ಟುವಾಗ ಬೀಸುವಾಗ ತಾನೇ ಪದ ಕಟ್ಟಿ ಹಾಡುವ ಅಭ್ಯಾಸ ಅವ್ವನಿಂದ ಅವಳಿಗೆ ಬಂದಿತ್ತು.

ರೇಡಿಯೋ ತಳಕಲ್ಲಿಗೆ ಹೋಯಿತು, ಹಿಂದೆ ಅಕ್ಕನೂ ಹೋದಳು. ಅಲ್ಲಿ ಪಡಸಾಲೆಯ ಗೋಡೆಯಲ್ಲಿ ಒಂದು ಮಾಡ, ದೀಪ ಇಡುವಂಥದು. ದೀಪ ತೆಗೆದು ರೇಡಿಯೋ ಇಟ್ಟರು. ಅದರ ಲೈಸೆನ್ಸನ್ನು ಅಂಚೆ ಕಚೇರಿಯಲ್ಲಿ ಮಾಡಿಸಬೇಕಿತ್ತು ಆಗ. ಅದು ಅಕ್ಕನ ಗಂಡನ ಹೆಸರಿಗೆ ಆಯಿತು. ನಮ್ಮಲ್ಲಿ ಅಕ್ಕನ ಗಂಡನಿಗೆ ಮಾಮಾ ಅನ್ನುತ್ತೇವೆ. ಈ ಮಾಮಾ ಮದುವೆಯಾಗಿ ತಿಂಗಳೊಳಗೆ ಮನೆಯಲ್ಲಿ ಒಂದು ಕಾನೂನು ಮಾಡಿದ: ಹೆಂಗಸರ ಕೈ ತಾಗಿದರೆ ಸ್ಟೇಷನ್ ಹೋಗುತ್ತದೆ.

ಅವನು ಕಣ್ಣಾರೆ ಕಂಡ ಸತ್ಯವೇ ಅದು, ಕತ್ತೆ ಕಂಡ ಸತ್ಯ. ಮಾಮಾ ರೇಡಿಯೋ ಪಕ್ಕದಲ್ಲಿ ಕೂತು ಶಾರ್ಟ್ ವೇವಿನಲ್ಲಿ ಯಾವುದೋ ಹಾಡು ಹಿಡಿದಿರುತ್ತಿದ್ದ. ಅಕ್ಕ ಚಹಾ ಕೊಡಲು ಹತ್ತಿರ ಬಂದರೆ ಹಾಡು ಒಡೆದು ಗರಗರ. ಅವಳು ಹಿಂದೆ ಸರಿದರೆ ಮತ್ತೆ ಹಾಡು. ಇದರಲ್ಲಿ ಗುಟ್ಟೇನೂ ಇಲ್ಲ. ಏರಿಯಲ್ ಹತ್ತಿರ ಯಾವ ಮೈ ಬಂದರೂ ಸೆಟ್ಟಿನ ಶ್ರುತಿ ಕೊಂಚ ಸರಿಯುತ್ತದೆ. ಗಂಡಸಿನ ಮೈಯಾದರೂ ಅಷ್ಟೇ, ಎಮ್ಮೆಯ ಮೈಯಾದರೂ ಅಷ್ಟೇ. ಮಾಮಾ ತನ್ನ ಮೈಯನ್ನು ಪಕ್ಕದಲ್ಲಿಟ್ಟುಕೊಂಡೇ ಶ್ರುತಿ ಹಿಡಿದಿರುತ್ತಿದ್ದ, ಹಾಗಾಗಿ ಅವನಿಂದ ತೊಂದರೆ ಕಾಣುತ್ತಿರಲಿಲ್ಲ. ಬಂದವರಿಂದ ಕಾಣುತ್ತಿತ್ತು, ಮತ್ತು ಚಹಾ ಹಿಡಿದು ಬರುವವರು ಯಾವಾಗಲೂ ಹೆಂಗಸರೇ.

ಕಾಲೇಜಿನಲ್ಲಿ ಇದನ್ನೆಲ್ಲ ಓದಿ, ಹುರುಪಿನಿಂದ ತಳಕಲ್ಲಿಗೆ ಹೋದೆ. "ಮಾಮಾ, ನೀವು ಎದ್ದು ದೂರ ಹೋಗಿ ನೋಡ್ರಿ, ಆವಾಗ್ಲೂ ಸ್ಟೇಷನ್ ಹೋಗತೈತಿ," ಎಂದೆ. ಅವನಿಗೆ ನಗು. ಎದ್ದು ಬಾಗಿಲ ತನಕ ಹೋದ. ಹಾಡು ಒಡೆಯಿತು. ನಾನು ಗೆದ್ದೆ ಅಂದುಕೊಂಡೆ.

"ನೋಡಿದಿ?" ಎಂದ ಮಾಮಾ. "ನಾ ಇರೂ ತನಕ ಹೆದರಿ ಸುಮ್ಮನಿತ್ತು. ನಾ ಎದ್ದೆ, ನೀ ಒಬ್ಬಾಕಿನ ಉಳದಿ, ಹೋತು."

ಆವತ್ತು ನನಗೆ ಗೊತ್ತಾಯಿತು, ಇವನ ಮುಂದೆ ವಿಜ್ಞಾನ ನಡೆಯುವುದಿಲ್ಲ ಎಂದು. ಎಲ್ಲ ಪ್ರಯೋಗಕ್ಕೂ ಅವನ ಹತ್ತಿರ ಒಂದೇ ಉತ್ತರವಿತ್ತು, ಅದು ಎಲ್ಲದಕ್ಕೂ ಸರಿಹೊಂದುತ್ತಿತ್ತು. ಅವನ ತಾಯಿಯೂ ಹೌದಪ್ಪಾ ಅಂದಳು. ನೆರೆಮನೆಯವರೂ ಅದನ್ನೇ ತಮ್ಮ ಮನೆಯಲ್ಲಿ ಕಾನೂನು ಮಾಡಿದರು. ಓಣಿಯಲ್ಲಿ ರೇಡಿಯೋ ಎಷ್ಟಿದ್ದವೋ ಅಷ್ಟು ಮನೆಯ ಹೆಂಗಸರು ಅಡುಗೆ ಮನೆಯ ಹೊಸ್ತಿಲಾಚೆ ಕೂತು, ತಮ್ಮ ತಮ್ಮ ಅಪ್ಪಂದಿರು ಕೊಡಿಸಿದ ರೇಡಿಯೋವನ್ನು ದೂರದಿಂದ ಕೇಳಿದರು. ಸೆಲ್ ಮುಟ್ಟಲು ಮಾತ್ರ ಅಡ್ಡಿಯಿರಲಿಲ್ಲ. ಸೆಲ್ ಇಳಿದಾಗ ಅವನ್ನು ಮಾಳಿಗೆಯ ಮೇಲೆ ಹಪ್ಪಳದ ಪಕ್ಕದಲ್ಲಿ ಬಿಸಿಲಿಗಿಟ್ಟು, ಕಾಯಿಸಿ, ತಂದುಕೊಡುವ ಕೆಲಸ ಅಕ್ಕನದೇ.

ನನಗೆ ಸಿಟ್ಟು ಬರುತ್ತಿತ್ತು, ಅಕ್ಕನ ಮೇಲೂ. "ಅವರು ಹೊಲಕ್ಕ ಹೋದಾಗ ನೀ ಹಚ್ಚಬಾರದೇನು?" ಎಂದು ಕೇಳಿದ್ದೆ. "ಹಚ್ಚಿದರ ಮುಳ್ಳು ಸರದದ್ದು ಅವರಿಗೆ ತಿಳೀತೈತಿ," ಎಂದಳು. ಮೊದಮೊದಲು ಹಚ್ಚಿದ್ದಳಂತೆ. ಆಗ ಏನಾಯಿತು ಎಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ.

ಮಾಮಾನಿಗೆ ಇನ್ನೊಂದು ದೊಡ್ಡಸ್ತಿಕೆಯಿತ್ತು. ಯಾರೇ ರೇಡಿಯೋದಲ್ಲಿ ಬಾಯಿ ತೆಗೆದರೂ ಮೊದಲ ಮಾತಿಗೇ ಇಂಥವರೇ ಎಂದು ಗುರುತು ಹಿಡಿಯುತ್ತಿದ್ದ. ಸುದ್ದಿ ಓದುವವರು, ಕೃಷಿರಂಗದವರು, ಹಾಡುವವರು, ಎಲ್ಲರೂ ದನಿಯಿಂದ ಗೊತ್ತು. ದನಿ ಕೇಳಿ ಅವರ ಸೀಮೆ ಯಾವುದು, ವಯಸ್ಸೆಷ್ಟು, ಊಟ ಮಾಡಿದ್ದಾರೋ ಇಲ್ಲವೋ ಹೇಳುತ್ತೇನೆ ಅನ್ನುತ್ತಿದ್ದ. ಕಟ್ಟೆಯ ಮೇಲೆ ಕೂತವರು ಭಲೆ ಅನ್ನುತ್ತಿದ್ದರು. ಒಳಗೆ ಬೀಸುಕಲ್ಲಿನ ಮುಂದೆ ಅಕ್ಕ ಹಾಡುತ್ತಿದ್ದರೆ, "ಏ, ಸ್ವಲ್ಪ ಬಾಯಿ ಮುಚ್ಚು, ಕೇಳಸವಲ್ದು," ಎಂದು ಕೂಗುತ್ತಿದ್ದ.

ಕಾಲ ಯಾರನ್ನೂ ಕೇಳಿ ಬರುವುದಿಲ್ಲ. ಮಕ್ಕಳು ಟಿ.ವಿ. ತಂದರು. ಫೋನ್ ಬಂತು, ಫೋನಿನೊಳಗೆ ಎಫ್.ಎಂ. ಬಂತು, ಕಿವಿಗೆ ಚುಚ್ಚಿಕೊಳ್ಳುವ ತಂತಿಯೇ ಅದಕ್ಕೆ ಏರಿಯಲ್. ಆಮೇಲೆ ಆ ತಂತಿಯೂ ಹೋಯಿತು, ಇಂಟರ್ನೆಟ್ಟಿನಲ್ಲೇ ರೇಡಿಯೋ ಎಂದರು. ಜನ ಹಾಡನ್ನು ಕೇಳುವುದು ಬಿಟ್ಟು ಬದಲಿಸುವುದನ್ನು ಕಲಿತರು. ಮಾಮಾ ಮಾತ್ರ ಮಾಡದ ರೇಡಿಯೋ ಇಳಿಸಲಿಲ್ಲ. ಈಗ ಅದರಲ್ಲಿ ಬರುವುದು ಕಡಿಮೆ, ಗರಗರವೇ ಜಾಸ್ತಿ. ಮನೆ ತುಂಬ ಎಲ್.ಇ.ಡಿ. ದೀಪ, ಚಾರ್ಜರು, ಕರೆಂಟಿನ ಒಲೆ, ಎಲ್ಲವೂ ಆ ಬಡ ಅಲೆಗಳ ಮೇಲೆ ಕಸ ಸುರಿಯುತ್ತವೆ. ಮಾಮಾನ ಪ್ರಕಾರ ಕಾರಣ ಬೇರೆ. ಈಗಿನ ಸೊಸೆಯಂದಿರು ಪಡಸಾಲೆಯಲ್ಲಿ ಓಡಾಡುತ್ತಾರಂತೆ.

ನಾನು ನಿವೃತ್ತಳಾಗಿ ಕೊಪ್ಪಳಕ್ಕೆ ಅಂಟಿದ ಭಾಗ್ಯನಗರದಲ್ಲಿ ಮನೆ ಮಾಡಿದ ಮೇಲೆ, ಊರ ಹೊರಗಿನ ಒಂದು ಖಾಸಗಿ ಕಾಲೇಜಿನವರು ಸಮುದಾಯ ರೇಡಿಯೋ ತೆರೆದು ನನ್ನನ್ನು ಸಲಹೆಗಾರ್ತಿ ಅಂತ ಹಾಕಿಕೊಂಡರು. ಸಮುದಾಯ ಅಂದರೆ ಅವರ ಅಧ್ಯಕ್ಷರು ಎಂದು ಹೋದ ಮೇಲೆ ತಿಳಿಯಿತು. ಬೆಳಿಗ್ಗೆ ಅಧ್ಯಕ್ಷರ ಶುಭ ಸಂದೇಶ, ಮಧ್ಯಾಹ್ನ ಅದೇ ಸಂದೇಶ, ಹಬ್ಬವಿದ್ದರೆ ಸಂಜೆಗೂ ಅದೇ. ಸ್ಟುಡಿಯೋದ ಗೋಡೆಗೆ ಸದ್ದು ತಡೆಯಲು ಮೊಟ್ಟೆಯ ತಟ್ಟೆ ಅಂಟಿಸಿದ್ದರು. ಅದು ಸದ್ದು ತಡೆಯುವುದಿಲ್ಲ ಎಂದೆ. ನೋಡಲು ಸ್ಟುಡಿಯೋ ತರ ಕಾಣುತ್ತದೆ ಮೇಡಂ ಎಂದರು. ಎಫ್.ಎಂ. ಅಲೆ ಕಣ್ಣಿನ ನೋಟದ ಹಾಗೆ ನೆಟ್ಟಗೆ ಹೋಗುವಂಥದು, ಸಣ್ಣ ಕಂಬದಿಂದ ಊರಾಚೆ ನಾಲ್ಕು ಹಳ್ಳಿ ಮುಟ್ಟಿದರೆ ಹೆಚ್ಚು. ಅವರು ಮಾತ್ರ ಫಲಕದ ಮೇಲೆ ಜಿಲ್ಲೆಯ ದನಿ ಎಂದು ಬರೆಸಿದರು. ನಾನು ಬಿಟ್ಟು ಬರಬೇಕಿತ್ತು. ಬಿಡದೆ ಉಳಿದದ್ದು ಒಂದೇ ಆಸೆಯಿಂದ, ಅಲ್ಲಿ ಅಕ್ಕನನ್ನು ಹಾಡಿಸಬೇಕು.

ನನ್ನ ಮಗಳ ಕುಬಸಕ್ಕೆ ಅಕ್ಕ ಒಬ್ಬಳೇ ಬಂದಳು. ಮಾಮಾ ಬರಲಿಲ್ಲ, ಹೆಂಗಸರ ಕಾರ್ಯಕ್ರಮ ಎಂದು. ಬಸುರಿಗೆ ಹಸಿರು ಸೀರೆ ಉಡಿಸಿ ಕೂರಿಸಿದಾಗ ಅಕ್ಕ ಹಾಡಿದಳು. ಮಾರನೆಯ ದಿನ ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ಸ್ಟುಡಿಯೋಕ್ಕೆ ಹೋದೆ. ಮೈಕಿನ ಮುಂದೆ ಕೂತವಳು ಎರಡೂ ಕೈ ಮಡಿಲಲ್ಲಿ ಮುದುರಿ ಇಟ್ಟುಕೊಂಡಳು.

"ಇದನ್ನ ಮುಟ್ಟಿದರ ಏನರ ಆಗತೈತೇನು?" ಎಂದು ಕೇಳಿದಳು.

"ಏನೂ ಆಗೂದಿಲ್ಲ, ಮುಟ್ಟು."

ಬೆರಳ ತುದಿಯಿಂದ ಮುಟ್ಟಿ ತೆಗೆದಳು. ಆಮೇಲೆ ಹಾಡಿದಳು. ಬೀಸುವ ಕಲ್ಲಿಲ್ಲದಿದ್ದರೂ ಮೈ ಬೀಸುವವಳಂತೆ ತೂಗುತ್ತಿತ್ತು. ತಳಕಲ್ಲಿನಲ್ಲಿ ಕಟ್ಟಿದ ಪದ ಅದು, ಅಷ್ಟು ವರ್ಷ ಯಾರ ಮುಂದೆಯೂ ಹಾಡಿರಲಿಲ್ಲವಂತೆ.

"ಪಡಸಾಲಿ ಮಾಡದಾಗ ನುಡಿಯೂದು ಪೆಟ್ಟೀಗಿ
ಊರಿಗೆಲ್ಲಾ ಮಾತು ಹೇಳತೈತಿ, ತಂಗೆವ್ವ,
ತಂದಾಕಿಗೊಂದ ಮೂಕೈತಿ."

ಮುಂದೆ ಗಿಳಿಯ ಹೊದಿಕೆ ಬಂತು, ಹಪ್ಪಳದ ಜೊತೆ ಒಣಗುವ ಸೆಲ್ಲು ಬಂತು, ಊರಾಚೆ ಕೂಗಿ ಹೋಗುವ ರೈಲು ಬಂತು. ನನಗೆ ಗೊತ್ತಿದ್ದ ಅಕ್ಕ ಹೊಸ್ತಿಲಾಚೆ ಕೂತವಳು. ಅಲ್ಲಿ ಕೂತು ಇಷ್ಟನ್ನೆಲ್ಲ ಕಂಡಿದ್ದಾಳೆ ಎಂದು ನಾನೂ ತಿಳಿದಿರಲಿಲ್ಲ.

ಮುಗಿದ ಮೇಲೆ ಅವಳು ಒಂದೇ ಮಾತು ಹೇಳಿದಳು. "ನನ್ನ ಹೆಸರ ಹೇಳಬ್ಯಾಡ. ಊರೂ ಹೇಳಬ್ಯಾಡ. ಬರೇ ದನಿ ಇರ್ಲಿ."

"ಯಾಕ?"

"ಅವರಿಗೆ ಕೇಳಸಬೇಕು. ಎಲ್ಲಾರ ದನೀನೂ ಗುರುತ ಹಿಡೀತಾರ. ನಂದೂ ಹಿಡೀತಾರೇನ ನೋಡೂಣು."

ಹೇಳಿ ನಕ್ಕಳು. ಆದರೆ ಅದು ತಮಾಷೆಯಲ್ಲ. ಈ ವಯಸ್ಸಿನಲ್ಲಿ, ಮೊಮ್ಮಕ್ಕಳು ಕಾಲೇಜಿಗೆ ಹೋಗುವ ಕಾಲದಲ್ಲಿ, ನನ್ನಕ್ಕನಿಗೆ ಆ ಮನುಷ್ಯನಿಂದ ಬೇಕಾಗಿದ್ದದ್ದು ಇಷ್ಟೇ. ರೇಡಿಯೋದೊಳಗಿಂದ ಬಂದರೆ ತನ್ನ ದನಿಗೆ ಅವನು ಕಿವಿ ಕೊಡುತ್ತಾನೆ, ಕೊಟ್ಟರೆ ಗುರುತಿಸುತ್ತಾನೆ ಎಂದು ನಂಬಿದ್ದಳು. ಬೇಡ ಅಂತ ಹೇಳಬೇಕಿತ್ತು ನಾನು. ಹೇಳಲು ಮನಸ್ಸು ಬರಲಿಲ್ಲ.

ತಳಕಲ್ಲಿಗೆ ನಮ್ಮ ಎಫ್.ಎಂ. ಮುಟ್ಟುವುದಿಲ್ಲ. ಹಾಗಾಗಿ ಮಾಮಾನನ್ನೇ ಭಾಗ್ಯನಗರಕ್ಕೆ ತರಿಸಬೇಕಿತ್ತು. ಅದಕ್ಕೂ ಹೊತ್ತು ಕೂಡಿಬಂತು. ಅವನು ಕೊಪ್ಪಳದ ದಂತವೈದ್ಯರಲ್ಲಿ ಹಲ್ಲಿನ ಸೆಟ್ ಕಟ್ಟಿಸಲು ಕೊಟ್ಟಿದ್ದ. ಸೆಟ್ ಬಾಯಿಗೆ ಹಾಕಿಸಿಕೊಳ್ಳುವ ದಿನ ನೋಡಿ ನಾನು ಅಕ್ಕನ ಪದವನ್ನು ಮಧ್ಯಾಹ್ನಕ್ಕೆ ಇಟ್ಟೆ. ದವಾಖಾನೆಯಿಂದ ಇಬ್ಬರೂ ನೆಟ್ಟಗೆ ನಮ್ಮ ಮನೆಗೆ ಬಂದರು. ಹೊಸ ಹಲ್ಲಿನಿಂದ ಮಾಮಾನ ಬಾಯಿ ಮುಚ್ಚುತ್ತಿರಲಿಲ್ಲ, ನಗದಿದ್ದರೂ ನಗುವವನಂತೆ ಕಾಣುತ್ತಿದ್ದ. ಆ ಅವಸ್ಥೆಯಲ್ಲೂ ಬಂದವನೇ ನಮ್ಮ ಸಣ್ಣ ಎಫ್.ಎಂ. ಸೆಟ್ಟನ್ನು ಕೈಗೆತ್ತಿಕೊಂಡು ತೂಗಿ ನೋಡಿದ.

"ಇದೇನ ರೇಡಿಯೋ! ಸೋಪಿನ ಡಬ್ಬಿ ಇದ್ದಂಗೈತಿ," ಎಂದ. "ನೀವು ಸರೀರಿ, ನಾ ಹಿಡಸ್ತೀನಿ."

ಸ್ಟೇಷನ್ ಹಿಡಿದೇ ಇತ್ತು. ಆದರೂ ಅವನು ಏರಿಯಲ್ ಎಳೆದು, ವಾಲಿಸಿ, ಕೆಡಿಸಿ, ಮತ್ತೆ ಹಿಡಿಸಿ, ಈಗ ನೋಡು ಅಂದ. ಮೊದಲು ಅಧ್ಯಕ್ಷರ ಶುಭ ಸಂದೇಶ ಬಂತು. "ಇವರು ಕುಳ್ಳಗ ಅದಾರ," ಎಂದ ಮಾಮಾ. ಅಧ್ಯಕ್ಷರು ಕುಳ್ಳಗೇ ಇದ್ದಾರೆ, ಅದೂ ನನಗೆ ಸಿಟ್ಟು ತರಿಸಿತು. ಅಕ್ಕ ಅಡುಗೆ ಮನೆಯ ಬಾಗಿಲಲ್ಲಿ ಕೂತಿದ್ದಳು. ಈಚೆ ಬಾ, ಕುರ್ಚಿ ಇದೆ ಎಂದರೂ ಬರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು.

ಪದ ಶುರುವಾಯಿತು.

ಮಾಮಾ ಕೈ ಎತ್ತಿ ನಮ್ಮನ್ನು ಸುಮ್ಮನಿರಿಸಿದ. ಯಾರೂ ಮಾತಾಡುತ್ತಿರಲಿಲ್ಲ. ಅವನು ಕಣ್ಣು ಮುಚ್ಚಿ, ತಲೆ ತೂಗುತ್ತ ಕೇಳಿದ. ಪಡಸಾಲೆಯ ಮಾಡ ಬಂತು, ಕೇಳಿದ. ಗಿಳಿಯ ಹೊದಿಕೆ ಬಂತು, ಕೇಳಿದ. ಮತ್ತೆ ತಂದಾಕಿಗೊಂದ ಮೂಕೈತಿ ಎಂದಾಗ ತೊಡೆ ತಟ್ಟಿ, "ಆಹಾ!" ಎಂದ. ಆ ಮನುಷ್ಯನನ್ನು ಇಷ್ಟು ಕಾಲ ಹೀನಾಯವಾಗಿ ನೋಡಿದವಳು ನಾನು. ಆ ಗಳಿಗೆಯಲ್ಲಿ ಅವನು ನನ್ನನ್ನು ಸುಳ್ಳು ಮಾಡಲಿ ಎಂದು ಮನಸಾರೆ ಬೇಡಿಕೊಂಡೆ. ಅಕ್ಕ ಅವನ ಮುಖ ಬಿಟ್ಟು ಬೇರೆ ಎಲ್ಲೂ ನೋಡಲಿಲ್ಲ. ಅವಳ ಮುಖ ಮದುವೆಗೆ ಮುಂಚೆ ಸ್ಟೇಷನ್ ಹುಡುಕುವಾಗ ಇರುತ್ತಿದ್ದ ಹಾಗೆ ಇತ್ತು.

ಪದ ಮುಗಿಯಿತು. ಮಾಮಾ ಕಣ್ಣು ತೆರೆದ.

"ದನಿ ಅಂದರ ಇದು ನೋಡು!" ಎಂದ ಅಕ್ಕನ ಕಡೆ ತಿರುಗಿ. "ನೀನೂ ಹಾಡತಿ. ಕೇಳು, ಹಿಂಗ ಹಾಡಬೇಕು."

"ಯಾರ ಇರಬೇಕ್ರಿ ಅಕಿ?" ಎಂದು ಅಕ್ಕ ಕೇಳಿದಳು.

"ಗಂಗಾವತಿ ಕಡಿಯಾಕಿ," ಎಂದ ಮಾಮಾ, ಚಣವೂ ತಡೆಯದೆ. "ಹುಟ್ಟಿದ್ದು ಆ ಕಡೆ, ಕೊಟ್ಟದ್ದು ಈ ಕಡೆ. ಮಾತಿನ್ಯಾಗ ಎರಡೂ ಕೂಡ್ಯಾವು."

ಸೀಮೆ ಸರಿಯಾಗಿಯೇ ಹೇಳಿದ. ಕಿವಿ ಅವನದು ನಿಜಕ್ಕೂ ಒಳ್ಳೆಯ ಕಿವಿ. ಅಕ್ಕನ ಮುಖದಲ್ಲಿ ಏನೋ ಬೆಳಗಿತು, ತುಸು ಮುಂದೆ ಬಾಗಿದಳು. "ಮತ್ತೇನ ತಿಳೀತೈತ್ರಿ?"

ಮಾಮಾ ಹೊಸ ಹಲ್ಲನ್ನು ನಾಲಿಗೆಯಿಂದ ಒತ್ತಿ ಸರಿಮಾಡಿಕೊಂಡ. ಯೋಚನೆ ಮಾಡಿ, ಪಕ್ಕಾ ಆದ ಮೇಲೆ ಹೇಳುವವನ ಹಾಗೆ ಹೇಳಿದ:

"ಗಂಡ ಇಲ್ಲ ಅಕಿಗೆ. ಸತ್ತು ಭಾಳ ದಿನ ಆಗ್ಯಾವು. ದನಿಯಾಗ ತಿಳೀತೈತಿ."

ನಾನು ಬಾಯಿ ತೆಗೆದೆ. ಅಕ್ಕ ನನ್ನ ಕಡೆ ನೋಡಿ ತಲೆ ಅಲ್ಲಾಡಿಸಿದಳು, ಬೇಡ ಎಂದು. ರೇಡಿಯೋದಲ್ಲಿ ಗೊಬ್ಬರದ ಜಾಹೀರಾತು ಬರುತ್ತಿತ್ತು.

"ಹೌದ್ರಿ," ಎಂದಳು ಕೊನೆಗೆ. "ಹಂಗ ಇರಬೇಕು."

ಆಮೇಲೆ ಎದ್ದು ಒಳಗೆ ಹೋಗಿ ಚಹಾ ತಂದಳು. ಅವನ ಹೊಸ ಹಲ್ಲಿಗೆ ಬಿಸಿ ತಾಗಬಾರದೆಂದು ಬಸಿಯಲ್ಲಿ ಸುರುವಿ, ಊದಿ ಆರಿಸಿ, ಕೈಗೆ ಕೊಟ್ಟಳು.